ಕರೆಂಟ್ ಹೋಗಿ ಬಂದ್ರೂ ನಿಲ್ಲದ ಪ್ರಿಂಟರ್: ಲಿನಕ್ಸ್‌ನಲ್ಲಿ ನನ್ನ ಅನುಭವ

ಸಕಲೇಶಪುರದಲ್ಲಿ ನಂದು ಜೆರಾಕ್ಸ್, ಡಿಟಿಪಿ ಅಂಗಡಿ. ಮೂರು ಹಳೇ ಐ3 ಮಷೀನು, ಅವಕ್ಕೆ ವಿಂಡೋಸ್ 11 ಆಗಲ್ಲ, 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯುತ್ತೆ ಅಂತ ಮೊದಲೇ ಗೊತ್ತಿತ್ತಲ್ಲ, ಅದಕ್ಕೇ ಆ ಮೇ ತಿಂಗಳಲ್ಲೇ ಮೂರಕ್ಕೂ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಮಾಡ್ಬಿಟ್ಟೆ. ಹೊಸದು ತಗೊಂಡಿದ್ರೆ ಲಕ್ಷದ ಹತ್ರ ಹೋಗ್ತಿತ್ತು, ನನಗೆ ಬಿದ್ದಿದ್ದು ಐದು ಸಾವಿರ ಚಿಲ್ರೆ. "ಭಾವ, ಮಳೆ ಹಿಡೀಲಿ ನೋಡಿ, ನೀವೇ ವಾಪಸ್ ವಿಂಡೋಸ್ ಹಾಕ್ತೀರ" ಅಂದಿದ್ದ ನನ್ನ ಹೆಂಡ್ತಿ ತಮ್ಮ. ಅವನೂ ಹಾಸನದಲ್ಲಿ ಇದೇ ಸರ್ವೀಸ್ ಕೆಲಸ ಮಾಡೋನು.

ಮಳೆ ಹಿಡೀತು. ದಿನಕ್ಕೆ ಎಂಟ್ಹತ್ತು ಸಲ ಕರೆಂಟ್ ಹೋಗಿ ಬರೋದು. ಮಷೀನ್‌ಗಳು ಯುಪಿಎಸ್ ಮೇಲಿರೋದ್ರಿಂದ ಆರಲ್ಲ, ಲೇಸರ್ ಪ್ರಿಂಟರ್ ಆರುತ್ತೆ. ಕರೆಂಟ್ ಬಂದ್ಮೇಲೆ ಅದು ಹಸಿರು ಲೈಟ್ ಹಾಕ್ಕೊಂಡು ರೆಡಿಯಾಗಿ ಕೂತಿರುತ್ತೆ, ಕೊಟ್ಟ ಪ್ರಿಂಟ್ ಮಾತ್ರ ಹೊರಗೆ ಬರಲ್ಲ. ಮಷೀನ್ ರೀಸ್ಟಾರ್ಟ್ ಮಾಡಿದ್ರೆ ಸರಿಹೋಗುತ್ತೆ. ಪಹಣಿಗೆ ಅಂತ ಹಾನುಬಾಳು ಕಡೆಯಿಂದ ಬಂದ ಹಿರಿಯರು "ಬಸ್ ತಪ್ಪುತ್ತೆ ಕಣಪ್ಪಾ" ಅಂತ ಕೌಂಟರ್ ಹತ್ರ ನಿಂತಿದ್ರೆ ನನಗೆ ಬೆವರು ಬರ್ತಿತ್ತು.

ಮೊದಲು ಕೇಬಲ್ ಅಂದ್ಕೊಂಡೆ, 250 ಹೋಯ್ತು. ಆಮೇಲೆ ಪ್ರಿಂಟರ್‌ಗೂ ಒಂದು ಯುಪಿಎಸ್ ಅಂತ 3,200 ಕೊಟ್ಟು ತಂದೆ. ಅದು ಆಗೋ ಕೆಲಸ ಅಲ್ಲ, ಲೇಸರ್‌ನಲ್ಲಿ ಟೋನರ್ ಪುಡಿ ಕಾಗದಕ್ಕೆ ಕರಗಿಸಿ ಅಂಟಿಸೋ ಫ್ಯೂಸರ್ ಬಿಸಿ ಆಗೋವಾಗ ಎಳೆಯೋ ಕರೆಂಟಿಗೆ ಸಣ್ಣ ಯುಪಿಎಸ್ ಕುಂಯ್ ಅಂದು ಆಫ್ ಆಯ್ತು. ಡ್ರೈವರ್ ತೆಗೆದು ಹಾಕಿದ್ದು ಏಳೆಂಟು ಸಲ ಇರ್ಬೇಕು. ಆ ಡ್ರೈವರ್ 32 ಬಿಟ್ ಲೈಬ್ರರಿ ಬೇರೆ ಕೇಳುತ್ತೆ, ಅದನ್ನ ಕೂರಿಸೋಕೇ ಎರಡು ರಾತ್ರಿ ಹೋಯ್ತು. ಹೊರಗಿಂದ ಒಬ್ಬರನ್ನ ಕರೆಸಿದೆ, 500 ತಗೊಂಡು "ಲಿನಕ್ಸ್‌ಗೆ ಈ ಪ್ರಿಂಟರ್ ಆಗ್ಬರಲ್ಲ ಸಾರ್" ಅಂತ ಹೇಳಿ ಹೋದ್ರು.

ಸುಳಿವು ಸಿಕ್ಕಿದ್ದು ಬಿಲ್ ಹೊಡೆಯೋ ಥರ್ಮಲ್ ಪ್ರಿಂಟರ್‌ನಿಂದ. ಅದೂ ಅದೇ ಮಷೀನ್‌ಗೇ ಚುಚ್ಚಿರೋದು. ಒಂದಿನ ಲೇಸರ್‌ಗೆ ಆಧಾರ್ ಪ್ರಿಂಟ್ ಕೊಟ್ರೆ ಥರ್ಮಲ್ ತಾನೇ ತಾನಾಗಿ ಅರ್ಧ ಮೊಳ ಕಾಗದ ಉಗುಳ್ತು, ಮೇಲೆಲ್ಲಾ ಅರ್ಥ ಆಗದ ಅಕ್ಷರ. ಆಗ ಹೊಳೀತು, ಥರ್ಮಲ್ ಆಫ್ ಇದ್ದ ದಿನ ಈ ತೊಂದ್ರೆ ಬಂದೇ ಇಲ್ಲ! ಕಮಾಂಡ್ ಕೊಡೋ ಟರ್ಮಿನಲ್‌ನಲ್ಲಿ ಡಿಮೆಸೇಜ್ (ಯಾವ ಸಾಧನ ಬಂತು, ಹೋಯ್ತು ಅಂತ ತೋರಿಸೋ ದಾಖಲೆ) ಓಡ್ತಾ ಇರೋಕೆ ಬಿಟ್ಟು ಎರಡರ ಸ್ವಿಚ್ಚೂ ಆರಿಸಿ ಹಾಕಿದೆ. ಥರ್ಮಲ್ ಬೇಗ ಏಳುತ್ತೆ, ಎದ್ದು ಎಲ್‌ಪಿ0 ಅನ್ನೋ ಜಾಗ ಹಿಡ್ಕೊಳ್ಳುತ್ತೆ, ಲೇಸರ್ ನಿಧಾನಕ್ಕೆ ಎದ್ದು ಎಲ್‌ಪಿ1 ಆಗುತ್ತೆ. ನಮ್ಮ ಡ್ರೈವರ್‌ನ ಡೀಮನ್‌ಗೆ, ಅಂದ್ರೆ ಹಿಂದೆ ಓಡ್ತಾ ಪ್ರಿಂಟ್ ಕಳಿಸೋ ಪ್ರೋಗ್ರಾಮ್‌ಗೆ, ಹೇಳಿಟ್ಟಿರೋದು ಎಲ್‌ಪಿ0. ರೀಸ್ಟಾರ್ಟ್ ಮಾಡಿದಾಗ ಎರಡೂ ಮೊದಲೇ ಆನ್ ಇರ್ತಾವೆ, ಪೋರ್ಟ್ ಲೆಕ್ಕದಲ್ಲಿ ಲೇಸರ್‌ದೇ ಮೊದಲು ಬರ್ತಿತ್ತು. ಇಷ್ಟೇ ವಿಷಯ, ಯಾರೂ ನೋಡಿರ್ಲಿಲ್ಲ, ನಾನು ನೋಡ್ದೆ.

ಸಾಧನ ಚುಚ್ಚಿದಾಗ ಅದಕ್ಕೆ ಹೆಸರು ಕೊಡೋ ಲಿನಕ್ಸ್‌ನ ಯೂಡೆವ್‌ಗೆ ಒಂದು ರೂಲ್ ಬರೆದು ಲೇಸರ್‌ನ ವೆಂಡರ್ ಐಡಿ, ಪ್ರಾಡಕ್ಟ್ ಐಡಿಗೆ ಒಂದು ಖಾಯಂ ಅಡ್ಡಹೆಸರು (ಸಿಮ್‌ಲಿಂಕ್) ಮಾಡಿ, ಡೀಮನ್‌ಗೆ ಆ ಹೆಸರು ಕೊಟ್ರೆ ಮುಗೀತು ಅನ್ಕೊಂಡೆ. ಹಳೇ ಯಾವುದೋ ರೂಲ್ ನೋಡಿ ಹಾಕಿದೆ, ಎರರೂ ಇಲ್ಲ, ಸಿಮ್‌ಲಿಂಕೂ ಇಲ್ಲ. ನಾಲ್ಕು ದಿನ ಒದ್ದಾಡಿದ್ಮೇಲೆ ಯೂಡೆವ್‌ಅಡ್ಮ್ ಇನ್ಫೋ ಅನ್ನೋ ಕಮಾಂಡ್ ಕೊಟ್ಟು ಸಾಲು ಸಾಲಾಗಿ ಓದಿದಾಗ ಕಾಣಿಸ್ತು, ಹಳೇ ರೂಲಲ್ಲಿ ಸಬ್‌ಸಿಸ್ಟಮ್ ಯುಎಸ್‌ಬಿ ಅಂತಿದೆ, ಈಗಿನ ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳು) ಈ ಎಲ್‌ಪಿಗೆ ಅದು ಯುಎಸ್‌ಬಿಮಿಸ್ಕ್ (usbmisc). ಆ misc ಅನ್ನೋ ನಾಲ್ಕಕ್ಷರ ಸೇರಿಸಿದೆ, ಸಿಮ್‌ಲಿಂಕ್ ಬಂತು.

ಇನ್ನೊಂದು ಉಳೀತು, ಪ್ರಿಂಟರ್ ಎದ್ದ ಮೇಲೆ ಡೀಮನ್‌ನ ಎಬ್ಬಿಸಬೇಕು. ರೂಲ್ ಒಳಗೇ ಒಂದು ಸ್ಕ್ರಿಪ್ಟ್ ಓಡಿಸಿ ಅದನ್ನ ಹಿನ್ನೆಲೆಯಲ್ಲಿ 20 ಸೆಕೆಂಡ್ ಕಾಯೋಕೆ ಹಾಕಿದ್ದೆ, ಯೂಡೆವ್ ಅಂಥಾ ಸ್ಕ್ರಿಪ್ಟ್‌ಗಳನ್ನ ಉಳಿಸಲ್ಲ, ತನ್ನ ಕೆಲಸ ಮುಗಿದ ತಕ್ಷಣ ಕೊಂದು ಹಾಕುತ್ತೆ. ಅದಕ್ಕೆ ಬೇರೆ ದಾರಿ ಮಾಡ್ದೆ. ಎಷ್ಟು ಸೆಕೆಂಡ್, ಯಾವುದರ ಮೂಲಕ ಅನ್ನೋದು ಇಲ್ಲಿ ಬರೆಯಲ್ಲ, ಅದು ನನ್ನ ಎರಡು ತಿಂಗಳ ನಿದ್ದೆ. ಲಿನಕ್ಸ್‌ನಲ್ಲಿ ಸರ್ವೀಸ್‌ಗಳನ್ನ ಓಡಿಸೋ ಸಿಸ್ಟಮ್‌ಡಿ ಗೊತ್ತಿರೋರಿಗೆ ಇಷ್ಟು ಸಾಕು.

ಈ ಗಲಾಟೆಯಲ್ಲೇ ಇನ್ನೊಂದು ಮಾಡಿ ನೋಡ್ದೆ. ಮಳೆಗಾಲದಲ್ಲಿ ಕಾಗದ ತೇವ ಎಳ್ಕೊಂಡು ಎರಡೆರಡು ಹಾಳೆ ಒಟ್ಟಿಗೆ ಹೋಗ್ತಾವಲ್ಲ, ಒಂದು ಮುಚ್ಚಳದ ಪೆಟ್ಟಿಗೆಗೆ ಹಳೇ 40 ವ್ಯಾಟ್ ಬಲ್ಬ್ ಹಾಕಿ, ಕಾಗದಕ್ಕೆ ತಾಗದ ಹಾಗೆ ದೂರ ಇಟ್ಟು ರೀಮ್ ಅದರೊಳಗೆ ಇಡ್ತೀನಿ, ಜಾಮ್ ಆಗೋದು ಕಾಲು ಭಾಗಕ್ಕೆ ಇಳೀತು. ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಹಳೇ ಫೈಲ್‌ಗಳೂ ಅಷ್ಟೇ, ಆ ಫಾಂಟ್‌ಗಳನ್ನ ಹೋಮ್ ಫೋಲ್ಡರ್‌ನ ಫಾಂಟ್ಸ್ ಒಳಗೆ ಹಾಕಿ ಕ್ಯಾಶ್ ರಿಫ್ರೆಶ್ ಮಾಡಿದ್ಮೇಲೆ ಲಿಬ್ರೆಆಫೀಸ್‌ನಲ್ಲಿ ನೆಟ್ಟಗೆ ಕಾಣ್ತಾವೆ. ಟೈಪಿಂಗ್‌ಗೆ ಐಬಸ್ ಅನ್ನೋ ಕೀಬೋರ್ಡ್ ಸಾಫ್ಟ್‌ವೇರ್‌ನಲ್ಲಿ ನುಡಿಯದ್ದೇ ಕೆಜಿಪಿ ಲೇಔಟ್ ಇದ್ದೇ ಇದೆ, ಅಂಗಡಿಯಲ್ಲಿ ಟೈಪ್ ಮಾಡೋ ಹುಡುಗೀರ ಕೈ ಹೊಸದಾಗಿ ಪಳಗಿಸೋ ಕೆಲಸ ಬರ್ಲಿಲ್ಲ.

ಗೌರಿ ಹಬ್ಬಕ್ಕೆ ಭಾವಮೈದ ಬಂದಿದ್ದ. ನಂಬಲಿಲ್ಲ. ತಾನೇ ಪ್ಲಗ್ ಕಿತ್ತು ಹಾಕಿ, ಕಿತ್ತು ಹಾಕಿ, ಒಂಬತ್ತು ಸಲ ನೋಡ್ದ, ಒಂಬತ್ತು ಸಲಾನೂ ಹಾಳೆ ಬಂತು. ಹೊರಡೋವಾಗ ಪೆನ್‌ಡ್ರೈವ್ ಮುಂದೆ ಹಿಡಿದು "ಭಾವ, ಅದನ್ನ ಹಾಕ್ಕೊಡಿ" ಅಂದ. ರೂಲ್ ಫೈಲ್ ಹಾಕ್ಕೊಟ್ಟೆ, ಸ್ಕ್ರಿಪ್ಟ್ ದೀಪಾವಳಿಗೆ ಅಂದೆ.