ಚೌತಿಗೆ ಬೆಳ್ಳಿಗೊಂದು ಕೋಣೆ

ಕುಮಟಾದ ಹತ್ತಿರ ನಮ್ಮ ಮನೆ. ನಮ್ಮಲ್ಲಿ ಪಟಾಕಿ ಅಂದರೆ ಮೊದಲು ನೆನಪಾಗುವುದು ಚೌತಿ. ಗಣಪತಿ ತರುವಾಗ ಪಟಾಕಿ, ಆರತಿಗೆ ಪಟಾಕಿ, ಮುಳುಗಿಸುವ ದಿನವಂತೂ ಕೇಳುವುದೇ ಬೇಡ.

ನಾಲ್ಕು ವರ್ಷದ ಹಿಂದೆ ಸಂಜೆ ಆರತಿಯ ಹೊತ್ತಿಗೆ ಅಂಗಳದಲ್ಲಿ ಗರ್ನಾಲು ಸಿಡಿಯಿತು. ಹಬ್ಬದ ಮನೆ ಅಲ್ವಾ, ಮುಂಬಾಗಿಲು ತೆರೆದೇ ಇತ್ತು. ನಮ್ಮ ಬೆಕ್ಕು ಬೆಳ್ಳಿ ನೆಂಟರ ಕಾಲ ಸಂದಿಯಲ್ಲಿ ನುಸುಳಿ ಕತ್ತಲೆಗೆ ಓಡಿದಳು. ಎರಡು ದಿನ ಜಡಿಮಳೆ. ಕರೆದು ಕರೆದು ನನ್ನ ಗಂಟಲು ಕಟ್ಟಿತು. ಮೂರನೇ ದಿನ ಬೆಳಗಿನ ಜಾವ ಅತ್ತೆಯೇ ಕೊಟ್ಟಿಗೆಯಲ್ಲಿಟ್ಟಿದ್ದ ಒಣ ಸಿಗಡಿ ಡಬ್ಬಿ ಕೈಗೆ ಕೊಟ್ಟರು. ಗಣಪತಿ ಇನ್ನೂ ಮನೆಯಲ್ಲಿತ್ತು. "ಹೋಗು, ಬಂದು ಇನ್ನೊಂದು ಸಲ ಮಿಂದರಾಯ್ತು" ಅಂದರು.

ಆ ದಿನ ನಾನು ಕೂಗಲಿಲ್ಲ. ಡಬ್ಬಿ ಅಲ್ಲಾಡಿಸಿ ಸುಮ್ನೆ ನಿಂತೆ. ಪಕ್ಕದ ಮನೆಯ ಕಟ್ಟಿಗೆ ರಾಶಿಯೊಳಗಿಂದ ಸಣ್ಣ ದನಿ ಬಂತು. ನಾವು ಎರಡು ದಿನ ಅದರ ಮುಂದೆಯೇ ಓಡಾಡಿದ್ದೆವು! ಹೆದರಿದ ಸಾಕುಬೆಕ್ಕು ಹೆಚ್ಚಾಗಿ ದೂರ ಹೋಗುವುದಿಲ್ಲ. ಹತ್ತಿರದಲ್ಲೇ ಅಡಗಿ ಕೂರುತ್ತದೆ, ಮನೆಯವರು ಕರೆದರೂ ಉಸಿರೆತ್ತುವುದಿಲ್ಲ. ಊರು ಮಲಗಿದಾಗ ಹುಡುಕಬೇಕು.

ಅವಳಿಗೆ ಹಿಂಗಾಲು ಕುಂಟುತ್ತಿತ್ತು. ನೆಂಟರೊಬ್ಬರು ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಹಾಕು ಅಂದರು. ಪುಣ್ಯಕ್ಕೆ ನಾನು ಮೊದಲು ಪಶುವೈದ್ಯರಿಗೆ ಫೋನ್ ಮಾಡಿದೆ. ಬೆಕ್ಕಿನ ಜೀವ ತೆಗೆಯಲು ಒಂದೇ ಮಾತ್ರೆ ಸಾಕು, ಅರ್ಧವೂ ಕೊಡಬೇಡಿ ಅಂದರು. ದಯವಿಟ್ಟು ಇದನ್ನು ಮರೆಯಬೇಡಿ.

ಮರುವರ್ಷದಿಂದ ಒಳಗಿನ ಸಣ್ಣ ಕೋಣೆ ಅವಳದಾಯಿತು. ಹಬ್ಬಕ್ಕೆ ಎಂಟು ದಿನ ಮೊದಲೇ ಅಲ್ಲಿ ಊಟ ಹಾಕಲು ಶುರು ಮಾಡುತ್ತೇನೆ. ಗಲಾಟೆಯ ಹೊತ್ತಿಗೆ ಎತ್ತಿಕೊಂಡು ಹೋಗಿ ಕೂಡಿಹಾಕಿದರೆ ಅದು ಅವಳಿಗೆ ಜೈಲು. ಮೊದಲೇ ರೂಢಿಯಾದರೆ ಅವಳ ಮನೆ. ಅಡ್ಡ ಮಲಗಿಸಿದ ರಟ್ಟಿನ ಪೆಟ್ಟಿಗೆ, ಅದರೊಳಗೆ ನಾನು ಉಟ್ಟು ತೆಗೆದ ಹತ್ತಿ ಸೀರೆ, ಮೂಲೆಯಲ್ಲಿ ಮರಳಿನ ತಟ್ಟೆ, ನೀರು. ಕಿಟಕಿಗೆ ಕಂಬಳಿ, ಫ್ಯಾನು ಜೋರಾಗಿ. ಬೆಕ್ಕಿನ ಕಿವಿ ನಮಗಿಂತ ಎಷ್ಟೋ ಚುರುಕು. ಕಂಬಳಿ, ಫ್ಯಾನಿನಿಂದ ಸದ್ದು ನಿಲ್ಲುವುದಿಲ್ಲ, ಅದರ ಪೆಟ್ಟು ಕಡಿಮೆಯಾಗುತ್ತದೆ. ಪೆಟ್ಟಿಗೆಯ ಮೂಲೆಗೆ ಸೇರಿಕೊಂಡರೆ ಎಳೆದು ತೆಗೆಯುವುದಿಲ್ಲ, ಅವಳಾಗಿ ಬರಲಿ.

ಬಾಗಿಲಿಗೆ ಚಿಲಕ ಸಾಲದು. ಮೊದಲ ವರ್ಷ ಯಾರೋ ಬ್ಯಾಗು ಇಡಲೆಂದು ಬಾಗಿಲು ತೆಗೆದೇಬಿಟ್ಟರು. ಈಗ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ.

ಹಬ್ಬದ ದಿನಗಳಲ್ಲಿ ಮನೆಯಲ್ಲಿ ಮೀನಿಲ್ಲ. ಬರೀ ಹಾಲು ಅನ್ನ ಇಟ್ಟರೆ ಬೆಳ್ಳಿ ಮೂಸಿ ಹೋಗುತ್ತಾಳೆ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಯಕೃತ್ತಿಗೇ ತೊಂದರೆ, ದಪ್ಪ ಬೆಕ್ಕಿಗಂತೂ ಜಾಸ್ತಿ. ಹಾಗಾಗಿ ಬೆಕ್ಕಿನ ಆಹಾರದ ಪೊಟ್ಟಣ ಮೊದಲೇ ತಂದಿಡುತ್ತೇನೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಯಾವುದನ್ನೂ ಹಾಕುವುದಿಲ್ಲ. ಅದು ಬೆಕ್ಕಿನ ರಕ್ತ ಕೆಡಿಸುತ್ತದೆ.

ನನಗೆ ಪಟಾಕಿಯಷ್ಟೇ ಭಯ ಹೂವಿನ ದಾರದ್ದು. ಬೆಕ್ಕಿನ ನಾಲಿಗೆ ಮುಟ್ಟಿ ನೋಡಿ, ಮುಳ್ಳುಗಳೆಲ್ಲ ಗಂಟಲ ಕಡೆ ಬಾಗಿರುತ್ತವೆ. ದಾರ ಒಮ್ಮೆ ಸಿಕ್ಕಿದರೆ ಉಗುಳಲು ಬರುವುದಿಲ್ಲ, ಒಳಗೇ ಹೋಗುತ್ತದೆ. ಬಾಯಿಂದಲೋ ಹಿಂದಿನಿಂದಲೋ ತುದಿ ಕಂಡರೆ ಎಳೆಯಬೇಡಿ, ಕರುಳು ಕೊಯ್ಯಬಹುದು. ನೇರ ಡಾಕ್ಟರ ಹತ್ತಿರ ಒಯ್ಯಿರಿ. ಮಾಲೆ ಕಟ್ಟಿ ಮುಗಿದ ಕೂಡಲೇ ತುಂಡು ದಾರ, ಬಾಳೆನಾರು ಎಲ್ಲಾ ಗುಡಿಸುತ್ತೇನೆ. ಗೌರಿ ಹೂವನ್ನು (ಅಗ್ನಿಶಿಖೆ) ಅವಳಿಗೆ ಎಟುಕುವಲ್ಲಿ ಇಡುವುದಿಲ್ಲ. ನೋಡಲು ಚಂದ, ಆದರೆ ಗಿಡವೆಲ್ಲ ವಿಷ, ಗಡ್ಡೆ ಇನ್ನೂ ಜಾಸ್ತಿ.

ಇನ್ನೊಂದು ನಮ್ಮ ಒಲೆ. ಮಳೆಗಾಲದಲ್ಲಿ ಬೆಳ್ಳಿ ಮಲಗುವುದು ಬೆಚ್ಚಗಿನ ಬೂದಿಯಲ್ಲಿ. ಚಕ್ಕುಲಿ ಕರಿಯುವ ದಿನ ಬೆಳಿಗ್ಗೆ ನಾಲ್ಕಕ್ಕೇ ಬೆಂಕಿ. ಕಡ್ಡಿ ಗೀರುವ ಮೊದಲು ಒಲೆಯೊಳಗೆ ಟಾರ್ಚ್ ಹಾಕಿ, ಕೋಲಿನಿಂದ ಮೆಲ್ಲಗೆ ತಡವಿ ನೋಡುತ್ತೇನೆ. ಎರಡು ಸಲ ಒಳಗಿಂದ ಎರಡು ಹಸಿರು ಕಣ್ಣು ನನ್ನನ್ನೇ ನೋಡಿವೆ.

ಕಳೆದ ಚೌತಿಗೆ ಗಣಪತಿ ಮುಳುಗಿಸಿ ಬಂದಾಗ ರಾತ್ರಿ ಹನ್ನೊಂದು. ಊರೆಲ್ಲ ತಣ್ಣಗಾದ ಮೇಲೆ ಬೀಗ ತೆಗೆದೆ. ಬೆಳ್ಳಿ ಮೈ ಮುರಿದು, ನನ್ನ ಕಾಲಿಗೊಮ್ಮೆ ಉಜ್ಜಿ, ಅಡುಗೆಮನೆಗೆ ನಡೆದಳು. ಒಲೆಯ ಬೂದಿಗೆ ಒಂದು ಕಾಲು ಇಟ್ಟು ನೋಡಿದಳು. ಇನ್ನೂ ಸುಡುತ್ತಿತ್ತು. ಕಾಲು ಕೊಡವಿ, ಆರುವ ತನಕ ಅಲ್ಲೇ ಕುಳಿತಳು. ನಾನೂ ಕುಳಿತೆ.