ಅರ್ಧ ದುಡ್ಡು ಸ್ಪೀಕರಿಗೆ, ವೈರ್‌ಗೆ ಚಿಲ್ಲರೆ

ಮನೆಯಲ್ಲಿ ಹಾಡು ಕೇಳೋಕೆ ನಾನು ಕಟ್ಟಿದ ಸೆಟ್ ಇಷ್ಟೇ: ಅಂಗೈ ಅಗಲದ ಆಂಪ್ (ಸ್ಪೀಕರ್ ನುಡಿಸುವ ಆಂಪ್ಲಿಫೈಯರ್), ಫೋಮ್ ಉದುರಿದ ಹಳೇ ಸ್ಪೀಕರ್. ಇದರಿಂದ ಏನು ಬರುತ್ತೆ ಅಂತ ಕೇಳಿದವರೇ ಜಾಸ್ತಿ. ಅವರಲ್ಲೇ ಇಬ್ಬರು ಈಗ ಆ ಆಂಪ್ ಬೋರ್ಡಿನ ವಿವರ ಕೇಳುತ್ತಿದ್ದಾರೆ.

ಒಟ್ಟು ದುಡ್ಡಿನಲ್ಲಿ ಹೆಚ್ಚುಕಡಿಮೆ ಶೇ. 55 ಸ್ಪೀಕರಿಗೇ ಹೋಯಿತು, ಅದೂ ಸೆಕೆಂಡ್ ಹ್ಯಾಂಡ್. ತಗ್ಗಿನ ಸ್ವರಕ್ಕೆ, ಅಂದರೆ ಬೇಸ್‌ಗೆ, ಆರೂವರೆ ಇಂಚಿನ ವೂಫರ್, ಮೇಲಿನ ಸ್ವರಕ್ಕೆ ಬೇರೆ ಟ್ವೀಟರ್ ಇರುವ ಟೂ-ವೇ, 8 ಓಮ್, ಸೆನ್ಸಿಟಿವಿಟಿ (ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ ಬರುವ ಸದ್ದು) 88 ಡಿಬಿ ಆಸುಪಾಸು. ಸರೌಂಡ್, ಅಂದರೆ ಕೋನಿನ ಸುತ್ತಲಿನ ಫೋಮ್ ಅಂಚು, ಬೆರಳು ತಾಗಿದರೆ ಪುಡಿಯಾಗುತ್ತಿತ್ತು. ಅಗ್ಗಕ್ಕೆ ಸಿಕ್ಕಿದ್ದೇ ಅದಕ್ಕೆ. ಕೋನ್ ಹರಿದಿಲ್ಲ, ಅದರ ಹಿಂದಿನ ತಂತಿಸುರುಳಿ ಕಾಯಿಲ್ ಸುಟ್ಟಿಲ್ಲ ಅಂದರೆ ಸುಮ್ನೆ ತಗೊಳ್ಳಿ.

ಬೆವರಿಳಿಸಿದ್ದು ಫೋಮ್ ಅಂಟಿಸುವ ಕೆಲಸ. ಮೊದಲ ವೂಫರಿನಲ್ಲಿ ಕಾಯಿಲ್ ಕೂದಲೆಳೆಯಷ್ಟು ಪಕ್ಕಕ್ಕೆ ಕೂತು, ಬೇಸ್ ಬಂದಾಗಲೆಲ್ಲ ಕರಕರ ಉಜ್ಜಿತು. ಕಿತ್ತು ಹಾಕಿದೆ, ಒಂದು ಕಿಟ್ಟಿನ ದುಡ್ಡು ಹೋಯಿತು. ಮುಂದಿನ ಸಲ ಅಂಟು ಹಸಿ ಇರುವಾಗಲೇ 30 ಹರ್ಟ್ಜ್ ಟೋನ್ ಮೆಲ್ಲಗೆ ಹಾಕಿ, ಕೋನನ್ನು ಬೆರಳಲ್ಲಿ ಸರಿಸುತ್ತಾ ಹೋದೆ. ಉಜ್ಜುವ ಸದ್ದು ನಿಂತ ಜಾಗದಲ್ಲೇ ಒಣಗಲು ಬಿಟ್ಟೆ. ಯಾವ ಅಂಟು, ಎಷ್ಟು ತೆಳು ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಟ್ವೀಟರ್ ದಾರಿಯಲ್ಲಿದ್ದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಒಣಗಿದ್ದವು. ಅಷ್ಟೇ ಮೈಕ್ರೋಫ್ಯಾರಡ್‌ನ ಫಿಲ್ಮ್ ಕೆಪಾಸಿಟರ್ ಹಾಕಿದೆ. ಮಂಕಾಗಿದ್ದ ಸಿಂಬಲ್ ಬಿಡಿಬಿಡಿಯಾಗಿ ಕೇಳಿತು.

ಆಂಪ್ ಟಿಪಿಎ3116 ಚಿಪ್ಪಿನದು, ಶೇ. 15ರೊಳಗೆ ಮುಗಿಯಿತು. ಬೋರ್ಡಿನ ಮೇಲೆ ಬರೆದ ವಾಟ್ ನಂಬಬೇಡಿ. 12 ವೋಲ್ಟ್ ಕೊಟ್ಟರೆ 8 ಓಮಿಗೆ ಏಳೆಂಟು ವಾಟ್ ಬಂದರೆ ಪುಣ್ಯ. 24 ವೋಲ್ಟಿನಲ್ಲಿ 30ರ ಹತ್ತಿರ ಹೋಗುತ್ತೆ. ಆದರೂ ವಾಟ್ ಎರಡರಷ್ಟಾದರೆ ಸಿಗೋದು 3 ಡಿಬಿ ತಾನೇ? ರಾತ್ರಿ ಕೇಳೋಕೆ ಒಂದೆರಡು ವಾಟ್ ಧಾರಾಳ. ಹಾಡು ಹಾಕುವ ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದಾಗ ಮಾತ್ರ ಗುಂಯ್ ಅನ್ನುತ್ತಿತ್ತು, ತೆಗೆದರೆ ನಿಲ್ಲುತ್ತಿತ್ತು. ಗ್ರೌಂಡ್ ಲೂಪ್, ಅಂದರೆ ಉಪಕರಣಗಳ ಗ್ರೌಂಡ್ ವೈರುಗಳು ಸುತ್ತಾಗಿ ಕೂಡಿ ಬರುವ ಸದ್ದು. ಡ್ಯಾಕಿಗೆ (ಡಿಜಿಟಲ್ ಹಾಡನ್ನು ಆಂಪಿಗೆ ಬೇಕಾದ ಸಿಗ್ನಲ್ ಮಾಡುವ ಪೆಟ್ಟಿಗೆ) ಆಪ್ಟಿಕಲ್ ಕೇಬಲ್ ಕೊಟ್ಟ ಮೇಲೆ ಸದ್ದಿಲ್ಲ.

ಗೆಳೆಯರೊಬ್ಬರ ದುಬಾರಿ ಸ್ಪೀಕರ್ ಕೇಬಲ್ ತಂದು, ನನ್ನ ಎರಡೂವರೆ ಚದರ ಮಿಲಿಮೀಟರ್ ತಾಮ್ರದ ವೈರಿನ ಜೊತೆ ಹೇಳದೆ ಬದಲಿಸಿದೆ. ಕೇಳುತ್ತಿದ್ದವರು ಯಾರೂ ಹಿಡಿಯಲಿಲ್ಲ, ಕೇಬಲ್ಲಿನ ಯಜಮಾನರೂ ಸೇರಿ.

ದೊಡ್ಡ ಲಾಭ ಬಂದದ್ದು ಬಿಡಿಗಾಸಿಲ್ಲದೆ. ಗೋಡೆಯಿಂದ ಗೋಡೆಗೆ 3 ಮೀಟರ್ ಅಂದರೆ 57 ಹರ್ಟ್ಜ್ ಸುತ್ತ ಕೋಣೆಯೇ ಮೊರೆಯುತ್ತೆ. ಸದ್ದು ಅಳೆಯುವ ಸಾಫ್ಟ್‌ವೇರ್ ಆರ್‌ಇಡಬ್ಲ್ಯೂನಲ್ಲಿ ಅಳೆದರೆ ಅಲ್ಲಿ ಹನ್ನೊಂದು ಹನ್ನೆರಡು ಡಿಬಿ ಗುಡ್ಡ. ಸ್ಪೀಕರನ್ನು ಗೋಡೆಯಿಂದ ಎರಡಡಿ ಮುಂದೆ ತಂದೆ, ಸೋಫಾವನ್ನೂ ಹಿಂದಿನ ಗೋಡೆಯಿಂದ ಎಳೆದೆ, ಅದು ಐದಾರಕ್ಕೆ ಇಳಿಯಿತು. ಮನೆಯವರು ಸೋಫಾದ ಬಗ್ಗೆ ಇನ್ನೂ ಗೊಣಗುತ್ತಾರೆ. ಮೊಟ್ಟೆ ಟ್ರೇ ಅಂಟಿಸಿಯೂ ನೋಡಿದ್ದೆ. ಬೇಸ್ ಸ್ವರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಹತ್ತು ಸೆಂಟಿಮೀಟರ್ ದಪ್ಪದ, ಸದ್ದು ಹೀರುವ ರಾಕ್‌ವೂಲ್ ಮೂಲೆಗಿಟ್ಟಾಗ ಬೇಸಿನ ಬಾಲ, ಅಂದರೆ ಸ್ವರ ನಿಂತ ಮೇಲೂ ಎಳೆಯುವ ಗುಂಗು, ಕೊಂಚ ಚಿಕ್ಕದಾಯಿತು.

ಈಗ ತೀರಾ ತಗ್ಗಿನ ಸ್ವರಕ್ಕಷ್ಟೇ ಇರುವ ಸಬ್‌ವೂಫರಿನ ಹಿಂದೆ ಬಿದ್ದಿದ್ದೇನೆ. 80 ಹರ್ಟ್ಜ್‌ನಲ್ಲಿ ಕತ್ತರಿಸಿ ಕೆಳಗಿನದನ್ನು ಸಬ್ಬಿಗೆ ಕೊಟ್ಟರೆ ಫೇಸ್, ಅಂದರೆ ಸ್ಪೀಕರ್ ಮತ್ತು ಸಬ್ಬಿನ ಅಲೆಗಳ ಹೆಜ್ಜೆ, ಕೂಡುತ್ತಿಲ್ಲ, 65ಕ್ಕೆ ಇಳಿಸಿ ನೋಡುತ್ತಿದ್ದೇನೆ.