ಮೊದಲು ತಗಡಿಗೆ ಹಾಳೆ ಅಂಟಿಸಿದೆ, ಆಮೇಲೆ ಎಂಜಿನ್ ಮೌಂಟ್ ನೋಡಿದೆ

ನನ್ನದು ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್, ಏಣಿಯಾಕಾರದ ಚಾಸಿ ಮತ್ತು ಎರಡು ಸಾಲು ಸೀಟುಗಳ ಕ್ಯಾಬಿನ್ ಇರುವ ಪಿಕಪ್. ಹೊಸದಿದ್ದಾಗಲೂ ಅದು ಸದ್ದಿಲ್ಲದ ಗಾಡಿಯಾಗಿರಲಿಲ್ಲ. ಆದರೆ ಕೆಲವು ವರ್ಷ ಹೊರೆ ಹೊತ್ತು ದುಡಿದ ಮೇಲೆ ಅದರೊಳಗೆ ಕುಳಿತು ಮಾತಾಡುವುದೇ ಕಷ್ಟವೆನ್ನುವ ಸ್ಥಿತಿ ಬಂತು. ನಿಂತಲ್ಲಿ ಎಂಜಿನ್ ಓಡುತ್ತಿದ್ದಾಗ ಹಿನ್ನೋಟದ ಕನ್ನಡಿ ಎಷ್ಟು ಅದುರುತ್ತಿತ್ತೆಂದರೆ, ಹಿಂದಿನ ವಾಹನದ ಎರಡು ದೀಪಗಳು ನಾಲ್ಕಾಗಿ ಕಾಣುತ್ತಿದ್ದವು. ದಾರಿಯಲ್ಲಿ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವ ಟ್ಯಾಕೋಮೀಟರಿನ ಮುಳ್ಳು 2300ರ ಆಸುಪಾಸಿಗೆ ಬಂದ ಕೂಡಲೇ ಕಿವಿಯನ್ನು ಒಳಕ್ಕೆ ಒತ್ತುವಂಥ ಒಂದು ಗುಂಯ್ಗುಡುವಿಕೆ ಏಳುತ್ತಿತ್ತು. ಮುಳ್ಳು ಸ್ವಲ್ಪ ಆಚೀಚೆ ಸರಿದರೆ ಮಾಯವಾಗುತ್ತಿತ್ತು. ಇದರ ಕಾಟ ನನಗಿಂತ ಹಿಂದಿನ ಸೀಟಿನವರಿಗೆ ಹೆಚ್ಚು. ಇವೆರಡರ ಜೊತೆಗೆ ಡೀಸೆಲ್ ಎಂಜಿನ್ನಿನ ಕಟಕಟ ಸದ್ದು ಕಾಲ ಬುಡದಿಂದ ಬರುತ್ತಲೇ ಇತ್ತು. ಮೂರನ್ನೂ ಒಂದೇ ರೋಗವೆಂದು ಬಗೆದದ್ದು ನನ್ನ ಮೊದಲ ತಪ್ಪು.

ಎಲ್ಲರೂ ಮಾಡುವ ಹಾಗೆ ನಾನೂ ತಗಡಿಗೆ ಸದ್ದು ತಗ್ಗಿಸುವ ಹಾಳೆ ಅಂಟಿಸುವುದರಿಂದಲೇ ಆರಂಭಿಸಿದೆ. ಬ್ಯಾಟರಿಯ ತಂತಿ ಬಿಚ್ಚಿ, ಕೆಲವು ನಿಮಿಷ ಕಾದು, ಸೀಟಿನ ಕೆಳಗಿನ ಹಳದಿ ಕನೆಕ್ಟರುಗಳನ್ನು ಕಳಚಿದೆ; ಅವು ಏರ್‌ಬ್ಯಾಗಿಗೆ ಸೇರಿದವಾದ್ದರಿಂದ ಇಲ್ಲಿ ಅವಸರ ಸಲ್ಲದು. ಸೀಟು ಮತ್ತು ಕಾರ್ಪೆಟ್ ಹೊರಗಿಟ್ಟು, ತಗಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಮೇಲೆ ಅಲ್ಯೂಮಿನಿಯಂ ಪದರವಿರುವ 2 ಮಿಲಿಮೀಟರ್ ದಪ್ಪದ ಬ್ಯೂಟೈಲ್ (ಮೆತ್ತನೆಯ ಅಂಟು ರಬ್ಬರ್) ಹಾಳೆಯನ್ನು ನೆಲಕ್ಕೂ ಹಿಂಗೋಡೆಗೂ ಒಂದಿಂಚೂ ಬಿಡದೆ ಅಂಟಿಸಿ ರೋಲರಿನಿಂದ ಒತ್ತಿದೆ. ಎರಡು ದಿನದ ಕೆಲಸ. ಗಾಡಿಗೆ ಹತ್ತು ಹದಿನೈದು ಕಿಲೋ ತೂಕ ಸೇರಿತು. ಬಾಗಿಲು ಹಾಕಿದಾಗ ಏಳುತ್ತಿದ್ದ ಡಬ್ಬಿಯ ಸದ್ದು ಹೋಯಿತು, ಚಕ್ರದಿಂದ ಸಿಡಿದ ಕಲ್ಲು ತಗಡಿಗೆ ಬಡಿಯುವ ಸದ್ದು ಮಂದವಾಯಿತು. ಕನ್ನಡಿ ಮಾತ್ರ ಮೊದಲಿನಂತೆಯೇ ಅದುರಿತು. 2300ರ ಗುಂಯ್ಗುಡುವಿಕೆ ಕೂದಲೆಳೆಯಷ್ಟೂ ತಗ್ಗಲಿಲ್ಲ.

ಏಕೆಂದು ತಿಳಿಯಲು ಹಾಳೆಯ ಕೆಲಸವೇನೆಂದು ಮೊದಲು ಅರ್ಥ ಮಾಡಿಕೊಳ್ಳಬೇಕಾಯಿತು. ತಗಡು ಬಾಗಿ ಏಳುವಾಗ ಅದಕ್ಕೂ ಅಲ್ಯೂಮಿನಿಯಂ ಪದರಕ್ಕೂ ನಡುವೆ ಸಿಕ್ಕ ಬ್ಯೂಟೈಲ್ ಜಗ್ಗಿ, ಕಂಪನದ ಶಕ್ತಿಯನ್ನು ಶಾಖವಾಗಿಸುತ್ತದೆ. ಆದ್ದರಿಂದ ತಗಡು ತಾನಾಗಿ ಝೇಂಕರಿಸುವ ಕಡೆ ಅದು ಸೊಗಸಾಗಿ ಕೆಲಸ ಮಾಡುತ್ತದೆ. ಇಡೀ ಕ್ಯಾಬಿನ್ನೇ ಒಂದು ಗಟ್ಟಿ ಪೆಟ್ಟಿಗೆಯಂತೆ ಅಲುಗುತ್ತಿರುವಾಗ ತಗಡು ಬಾಗುವುದೇ ಇಲ್ಲ, ಹಾಗಾಗಿ ಹಾಳೆಗೆ ಹಿಡಿದಿಡಲು ಏನೂ ಸಿಗುವುದಿಲ್ಲ. ಇನ್ನೊಂದು ವಿಷಯವೂ ತಡವಾಗಿ ತಿಳಿಯಿತು: ಪ್ರತಿಯೊಂದು ಚಪ್ಪಟೆ ತಗಡಿನ ನಡುಭಾಗದಲ್ಲಿ ಕಾಲಂಶದಿಂದ ಮೂರರಲ್ಲೊಂದಂಶ ಮುಚ್ಚಿದರೆ ಸಾಕು. ಬೆರಳ ಗೆಣ್ಣಿನಿಂದ ತಟ್ಟಿದಾಗ ಠಣ್ಣೆನ್ನುತ್ತಿದ್ದ ಜಾಗ ಧಬ್ಬೆಂದರೆ ಅಲ್ಲಿಗೆ ನಿಲ್ಲಿಸಬಹುದು. ನಾನು ಕೊಂಡ ಹಾಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ದಂಡ.

ಈ ಹಂತದಲ್ಲಿ ನನ್ನನ್ನು ಇನ್ನಷ್ಟು ದಾರಿ ತಪ್ಪಿಸಿದ್ದು ಫೋನಿನ ಸದ್ದಿನ ಮೀಟರ್. ಹಾಳೆ ಅಂಟಿಸಿದ ಮೇಲೆ ಅದು 3 ಡೆಸಿಬೆಲ್ ಕಡಿಮೆ ತೋರಿಸಿತ್ತು; ಕಿವಿ ಮಾತ್ರ ಒಪ್ಪಲಿಲ್ಲ. ಇಂಥ ಮೀಟರುಗಳು ಸಾಮಾನ್ಯವಾಗಿ ಮನುಷ್ಯನ ಕಿವಿಗೆ ಹೊಂದಿಸಿದ ‘ಎ’ ತೂಕದ ಅಳತೆಯನ್ನು ತೋರಿಸುತ್ತವೆ. ಆ ಅಳತೆಯಲ್ಲಿ 1000 ಹರ್ಟ್ಜ್‌ನ (ಸೆಕೆಂಡಿಗೆ 1000 ಕಂಪನದ) ಸದ್ದು ಇದ್ದಂತೆಯೇ ಲೆಕ್ಕಕ್ಕೆ ಬಂದರೆ, 63 ಹರ್ಟ್ಜ್‌ನಲ್ಲಿ ಸುಮಾರು 26 ಡೆಸಿಬೆಲ್‌ನಷ್ಟು, 25 ಹರ್ಟ್ಜ್‌ನಲ್ಲಿ ಸುಮಾರು 45 ಡೆಸಿಬೆಲ್‌ನಷ್ಟು ಕಳೆದು ಲೆಕ್ಕ ಹಾಕಲಾಗುತ್ತದೆ. ಎಂದರೆ ನನ್ನನ್ನು ಕಾಡುತ್ತಿದ್ದ ಗುಡುಗು ಆ ಮೀಟರಿಗೆ ಕೇಳಿಸುತ್ತಲೇ ಇರಲಿಲ್ಲ. ಆಮೇಲೆ ಆವರ್ತನಗಳನ್ನು ಬಿಡಿಬಿಡಿಯಾಗಿ ಕಂಬಗಳಂತೆ ತೋರಿಸುವ ಆ್ಯಪ್ ಒಂದನ್ನು ಬಳಸಿದೆ. ಫೋನಿನ ಮೈಕ್ ಕೆಳಸ್ತರದ ಸದ್ದಿಗೆ ದುರ್ಬಲವೇ. ಆದರೂ ಅದೇ ಫೋನನ್ನು ಅದೇ ಜಾಗದಲ್ಲಿಟ್ಟು, ಎಂಜಿನ್ ಬಿಸಿಯಾದ ಮೇಲೆ, ಗಾಜು ಏರಿಸಿ, ಎಸಿ ಫ್ಯಾನ್ ನಿಲ್ಲಿಸಿ, ಅದೇ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟೇ ಸುತ್ತಿನಲ್ಲಿ) ನೋಡಿದರೆ ಹಿಂದುಮುಂದಿನ ಹೋಲಿಕೆಗೆ ಅಷ್ಟು ಸಾಕು.

ಎರಡು ಕಂಬಗಳು ಎದ್ದು ಕಂಡವು: ಐಡ್ಲಿಂಗ್‌ನಲ್ಲಿ (ನಿಂತಲ್ಲಿ ಎಂಜಿನ್ ಓಡುವಾಗ) 25 ಹರ್ಟ್ಜ್, 2300ರಲ್ಲಿ 77 ಹರ್ಟ್ಜ್. ಲೆಕ್ಕ ಸರಳ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಇಂಧನ ಉರಿಯುತ್ತದೆ. ನಾಲ್ಕು ಸಿಲಿಂಡರ್ ಸೇರಿ ಸುತ್ತಿಗೆ ಎರಡು ಪೆಟ್ಟು. ನಿಮಿಷಕ್ಕೆ 750 ಸುತ್ತೆಂದರೆ ಸೆಕೆಂಡಿಗೆ ಹನ್ನೆರಡೂವರೆ ಸುತ್ತು, 25 ಪೆಟ್ಟು. ಸಾಲಾಗಿ ನಿಂತ ನಾಲ್ಕು ಪಿಸ್ಟನ್ನುಗಳು ಏರಿಳಿಯುವಾಗ ಹುಟ್ಟುವ ಸಮತೋಲನಗೊಳ್ಳದ ಬಲವೂ ಸುತ್ತಿಗೆ ಎರಡು ಬಾರಿಯೇ ಬರುವುದರಿಂದ ಎರಡೂ ಒಂದೇ ಆವರ್ತನದಲ್ಲಿ ಕೂಡಿಕೊಳ್ಳುತ್ತವೆ. ಕೆಲವು ಎಂಜಿನ್ನುಗಳಲ್ಲಿ ಅದನ್ನು ಸರಿದೂಗಿಸಲು ದುಪ್ಪಟ್ಟು ವೇಗದಲ್ಲಿ ತಿರುಗುವ ಬ್ಯಾಲೆನ್ಸ್ ಶಾಫ್ಟುಗಳಿರುತ್ತವೆ, ನನ್ನದರಲ್ಲಿಲ್ಲ.

77 ಹರ್ಟ್ಜ್‌ನ ಗುಟ್ಟು ಅಳತೆಪಟ್ಟಿ ಹಿಡಿದಾಗ ಬಯಲಾಯಿತು. ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಕ್ಯಾಬಿನ್ನಿನ ಒಳಗಿನ ಉದ್ದ ಸುಮಾರು 2.2 ಮೀಟರ್. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. ಈ ಉದ್ದದೊಳಗೆ ಅರ್ಧ ಅಲೆ ಹಿಡಿಸುವ ಆವರ್ತನ 78 ಹರ್ಟ್ಜ್. ಕ್ಯಾಬಿನ್ನೊಳಗಿನ ಗಾಳಿಯೇ ಎರಡೂ ತುದಿ ಮುಚ್ಚಿದ ಕೊಳವೆಯಂತೆ ನುಡಿಯುತ್ತಿತ್ತು. ಇಂಥಲ್ಲಿ ಒತ್ತಡ ಎರಡು ತುದಿಗಳಲ್ಲಿ ಗರಿಷ್ಠ, ನಡುವೆ ಕನಿಷ್ಠ. ಚಾಲಕನ ತಲೆ ಹೆಚ್ಚುಕಡಿಮೆ ನಡುವೆ, ಹಿಂದಿನವರ ತಲೆ ಗಾಜಿನ ಬಳಿ. ಬೇರೊಬ್ಬರ ಕೈಗೆ ಸ್ಟೀರಿಂಗ್ ಕೊಟ್ಟು ಹಿಂದೆ ಕುಳಿತ ದಿನವೇ ಮನೆಯವರು ಇಷ್ಟು ಕಾಲ ದೂರುತ್ತಿದ್ದುದು ಏನೆಂದು ನನಗೆ ಗೊತ್ತಾದದ್ದು. ಕ್ಯಾಬಿನ್ನಿನ ಉದ್ದವನ್ನು ಬದಲಿಸಲಾಗುವುದಿಲ್ಲ. ಅದಕ್ಕೆ ಸಿಗುವ ಪೆಟ್ಟನ್ನು ತಡೆಯಬೇಕು. ನಿಂತಲ್ಲೇ ನ್ಯೂಟ್ರಲ್‌ನಲ್ಲಿ 2300ಕ್ಕೆ ಏರಿಸಿದಾಗಲೂ ಅದೇ ಸದ್ದು ಬಂದದ್ದರಿಂದ ಮೂಲ ಎಂಜಿನ್ನೇ ಎಂದು ಖಚಿತವಾಯಿತು. ಗೇರ್ ಬದಲಿಸಿದರೂ ಗಾಡಿಯ ವೇಗದ ಜೊತೆಗೇ ಸದ್ದು ಅಂಟಿಕೊಂಡಿದ್ದರೆ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್, ಸೆಂಟರ್ ಬೇರಿಂಗ್, ಚಕ್ರದ ಬ್ಯಾಲೆನ್ಸ್ ಇವುಗಳ ಕಡೆ ನೋಡಬೇಕಾಗುತ್ತಿತ್ತು.

ಆಗ ಎಂಜಿನ್ ಮೌಂಟುಗಳ, ಎಂದರೆ ಎಂಜಿನ್ನನ್ನು ಚಾಸಿಯ ಮೇಲೆ ಹೊತ್ತು ನಿಲ್ಲುವ ರಬ್ಬರ್ ಆಧಾರಗಳ, ಕಡೆಗೆ ಕಣ್ಣು ಹೋಯಿತು. ಬಾನೆಟ್ ತೆರೆದು, ಒಬ್ಬರು ಬ್ರೇಕನ್ನು ಬಲವಾಗಿ ತುಳಿದು ಹ್ಯಾಂಡ್‌ಬ್ರೇಕ್ ಎಳೆದು ಕ್ಲಚ್ಚನ್ನು ಸ್ವಲ್ಪವೇ ಬಿಡುವಾಗ, ನಾನು ಗಾಡಿಯ ಪಕ್ಕದಲ್ಲಿ ನಿಂತು ನೋಡಿದೆ. ಇಂಥ ಪರೀಕ್ಷೆಯಲ್ಲಿ ಗಾಡಿಯ ಮುಂದೆ ಎಂದೂ ನಿಲ್ಲಬಾರದು. ಎಂಜಿನ್ ಒಂದು ಬದಿಗೆ ವಾಲಿ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು ಸ್ಪಷ್ಟವಾಗಿ ಕೇಳಿತು. ಬಲಬದಿಯ ಮೌಂಟ್ ಒಳಗೆ ದ್ರವ ತುಂಬಿದ ಬಗೆಯದು. ಅದರ ರಬ್ಬರ್ ಸೀಳಿ, ಸೋರಿದ ದ್ರವದ ಕಲೆ ಬ್ರ್ಯಾಕೆಟ್ಟಿನ ಮೇಲೆ ಒಣಗಿತ್ತು. ಎಡಬದಿಯದು ಕುಸಿದು, ಎರಡು ಲೋಹದ ತಟ್ಟೆಗಳ ನಡುವೆ ಕಾಗದದ ಹಾಳೆ ತೂರಿಸುವಷ್ಟು ಸಂದು ಮಾತ್ರ ಉಳಿದಿತ್ತು. ರಬ್ಬರಿನ ಮೇಲೆ ಕುಳಿತ ಎಂಜಿನ್ನಿಗೆ ತನ್ನದೇ ಒಂದು ತೂಗಾಟದ ಗತಿ ಇರುತ್ತದೆ. ಬರುವ ಕಂಪನದ ಆವರ್ತನ ಅದರ ಸುಮಾರು 1.4 ಪಟ್ಟಿಗಿಂತ ಮೇಲಿದ್ದಾಗ ಮಾತ್ರ ರಬ್ಬರ್ ಅದನ್ನು ತಡೆಯಲಾರಂಭಿಸುತ್ತದೆ; ತೀರ ಕೆಳಗಿದ್ದರೆ ಇದ್ದಂತೆಯೇ ದಾಟಿಸುತ್ತದೆ, ಎರಡೂ ಸಮನಾದರೆ ಹೆಚ್ಚಿಸಿಯೇ ದಾಟಿಸುತ್ತದೆ. ರಬ್ಬರ್ ಗಟ್ಟಿಯಾದಷ್ಟೂ ಆ ಗತಿ ಏರುತ್ತದೆ. ಲೋಹಕ್ಕೆ ಲೋಹ ತಾಗಿದ ಮೇಲಂತೂ ತಡೆಯುವ ಮಾತೇ ಇಲ್ಲ. ಐಡ್ಲಿಂಗ್‌ನಲ್ಲಿ ಪೆಟ್ಟು ಅತ್ಯಂತ ನಿಧಾನವಾಗಿ ಬೀಳುವುದರಿಂದಲೇ ಕೆಟ್ಟ ಮೌಂಟಿನ ಲಕ್ಷಣ ಮೊದಲು ಅಲ್ಲಿ ಕಾಣಿಸಿಕೊಳ್ಳುತ್ತದೆ.

ಗಾಡಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಆಯಿಲ್ ಸಂಪಿನ (ಎಂಜಿನ್ ತಳದ ಎಣ್ಣೆ ತೊಟ್ಟಿಯ) ಕೆಳಗೆ ಅಗಲವಾದ ದಪ್ಪ ಮರದ ಹಲಗೆ ಕೊಟ್ಟು, ಜ್ಯಾಕಿನಿಂದ ಎಂಜಿನ್ನಿನ ಭಾರವನ್ನಷ್ಟೇ ಎತ್ತಿ ಹಿಡಿದು, ಒಂದೊಂದಾಗಿ ಮೌಂಟ್ ಬದಲಿಸಿದೆ; ಹಲಗೆಯಿಲ್ಲದೆ ಎತ್ತಿದರೆ ಸಂಪ್ ನಗ್ಗುತ್ತದೆ. ಗೇರ್‌ಬಾಕ್ಸ್ ಕೆಳಗಿನ ಮೂರನೆಯ ಮೌಂಟನ್ನೂ ಬದಲಿಸಿದೆ, ಏಕೆಂದರೆ ಎರಡು ಹೊಸತು ಒಂದು ಹಳತು ಸೇರಿದರೆ ಹಳತರ ಕಡೆಗೇ ಎಂಜಿನ್ ವಾಲುತ್ತದೆ. ಹೆಚ್ಚು ಬಾಳುತ್ತದೆಂದು ಪಾಲಿಯುರೇಥೇನ್ ಮೌಂಟ್ ಹಾಕಲು ಒಬ್ಬರು ಸಲಹೆ ಕೊಟ್ಟಿದ್ದರು. ಅದು ರಬ್ಬರಿಗಿಂತ ಗಡುಸಾದ್ದರಿಂದ ಕಂಪನವನ್ನು ಹೆಚ್ಚು ದಾಟಿಸುತ್ತದೆ, ನನ್ನ ಉದ್ದೇಶಕ್ಕೆ ತದ್ವಿರುದ್ಧ. ಎಲ್ಲ ಮುಗಿಸಿ ಎಂಜಿನ್ ಚಾಲೂ ಮಾಡಿದರೆ ಮೊದಲಿಗಿಂತಲೂ ಹೆಚ್ಚು ನಡುಗಿತು! ಒಂದು ಮೌಂಟ್ ಹಾಕಿದ ಕೂಡಲೇ ಅದನ್ನು ಪೂರ್ತಿ ಬಿಗಿದು ಮುಂದಿನದಕ್ಕೆ ಹೋದದ್ದರಿಂದ ರಬ್ಬರುಗಳು ತಿರುಚಿಕೊಂಡೇ ಕುಳಿತಿದ್ದವು. ಬೋಲ್ಟುಗಳನ್ನೆಲ್ಲ, ಅವು ಕಳಚಿ ಬೀಳದಷ್ಟು ಮಾತ್ರ, ಸಡಿಲಿಸಿ, ಎಂಜಿನ್ನನ್ನು ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಓಡಿಸಿ, ಅದು ತನ್ನ ಜಾಗ ತಾನೇ ಕಂಡುಕೊಂಡ ಮೇಲೆ ನಿಲ್ಲಿಸಿ, ಗಾಡಿಯ ಕೈಪಿಡಿಯಲ್ಲಿದ್ದ ಟಾರ್ಕಿಗೆ (ಬಿಗಿತದ ಅಳತೆಗೆ) ಬಿಗಿದೆ. ಆಗ ಕನ್ನಡಿಯಲ್ಲಿ ನಾಲ್ಕು ದೀಪಗಳು ಎರಡಾದವು. 25 ಹರ್ಟ್ಜ್‌ನ ಕಂಬ ಸುಮಾರು 10 ಡೆಸಿಬೆಲ್ ಕೆಳಗಿಳಿಯಿತು.

2300ರ ಗುಡುಗು ತಗ್ಗಿತ್ತು, ಹೋಗಿರಲಿಲ್ಲ. ಗಾಡಿಯ ಕೆಳಗೆ ಮಲಗಿ ಸೈಲೆನ್ಸರ್ ಪೈಪನ್ನು ಉದ್ದಕ್ಕೂ ಕೈಯಿಂದ ಅಲುಗಿಸುತ್ತ ಹೋದಾಗ ಒಂದು ಕಡೆ ಅದು ಅಲುಗಲೇ ಇಲ್ಲ. ಹರಿದುಹೋದ ರಬ್ಬರ್ ಹ್ಯಾಂಗರಿನ ಬದಲು ಹಿಂದೆಂದೋ ಯಾರೋ ಕಬ್ಬಿಣದ ತಂತಿ ಬಿಗಿದು ಕಟ್ಟಿದ್ದರು. ಪೈಪಿನ ಮುಂದಿನ ತುದಿ ಎಂಜಿನ್ನಿಗೇ ಸೇರಿರುವುದರಿಂದ ಅದು ಎಂಜಿನ್ನಿನ ಜೊತೆ ಅದುರುತ್ತದೆ. ಹೊಸ ಮೌಂಟುಗಳು ತಡೆದ ಕಂಪನ ಈ ತಂತಿಯ ಹಿಂಬಾಗಿಲಿನಿಂದ ಚಾಸಿಗೆ ಇಳಿಯುತ್ತಿತ್ತು. ತಂತಿ ಕತ್ತರಿಸಿ ರಬ್ಬರ್ ಹಾಕಿದೆ, ಪೈಪಿಗೆ ತಾಗುತ್ತಿದ್ದ ಶಾಖ ತಡೆಯುವ ತಗಡನ್ನು ಸ್ವಲ್ಪ ಬಗ್ಗಿಸಿದೆ. ಇಡೀ ಕೆಲಸದಲ್ಲಿ ಅತ್ಯಂತ ಅಗ್ಗವಾದದ್ದು ಇದು. ಗುಡುಗಿನಲ್ಲಿ ಅತಿ ಹೆಚ್ಚು ವ್ಯತ್ಯಾಸವಾದದ್ದೂ ಇದರಿಂದಲೇ. ಕ್ಯಾಬಿನ್ನಿಗೂ ಚಾಸಿಗೂ ನಡುವಿನ ಬಾಡಿ ಮೌಂಟುಗಳಲ್ಲಿ ಮುಂದಿನ ಎರಡು ಚಪ್ಪಟೆಯಾಗಿದ್ದವು. ಕ್ಯಾಬಿನ್ ಎತ್ತುವಾಗ ಸ್ಟೀರಿಂಗ್ ಶಾಫ್ಟ್, ಬ್ರೇಕ್ ಪೈಪ್, ವೈರಿಂಗ್ ಇವು ಜಗ್ಗದಂತೆ ಕಾಯಬೇಕಾದ್ದರಿಂದ ಅದನ್ನು ವರ್ಕ್‌ಶಾಪಿಗೆ ಬಿಟ್ಟೆ.

ಇಷ್ಟಾದ ಮೇಲೆ ಉಳಿದದ್ದು ಕಟಕಟ. ಇದು ಸಾವಿರ ಹರ್ಟ್ಜ್‌ನಿಂದ ಮೇಲಿನ ಸದ್ದು, ಮುಖ್ಯವಾಗಿ ಗಾಳಿಯ ಮೂಲಕ ತೂತುಗಳಿಂದ ನುಸುಳಿ ಬರುವಂಥದ್ದು. ತಡೆಗೋಡೆಯ ವಿಸ್ತೀರ್ಣದಲ್ಲಿ ನೂರಕ್ಕೆ ಒಂದು ಭಾಗ ತೆರೆದಿದ್ದರೂ, ಗೋಡೆ ಎಷ್ಟೇ ದಪ್ಪವಿರಲಿ, 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾಗದು. ರಾತ್ರಿ ಎಂಜಿನ್ ಬದಿಯಲ್ಲಿ ಪ್ರಖರ ದೀಪವಿಟ್ಟು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದರೆ ನಕ್ಷತ್ರಗಳಂತೆ ಬೆಳಕು ಕಂಡಿತು: ವೈರಿಂಗಿನ ಗ್ರಾಮೆಟ್ (ತೂತಿನ ಅಂಚಿನ ರಬ್ಬರ್ ಬಳೆ) ಜಾಗ ತಪ್ಪಿತ್ತು, ಸ್ಟೀರಿಂಗ್ ಶಾಫ್ಟಿನ ರಬ್ಬರ್ ಬೂಟ್ ಹರಿದಿತ್ತು, ಉಪಯೋಗವಿಲ್ಲದ ಒಂದು ತೂತಿನ ಮುಚ್ಚಳವೇ ಇರಲಿಲ್ಲ. ಗೇರ್ ಲಿವರಿನ ಒಳಬೂಟ್ ಸೀಳಿದ್ದು ಹಗಲಲ್ಲೇ ಕಾಣುತ್ತಿತ್ತು, ನಾನೇ ನೋಡಿರಲಿಲ್ಲ. ಇವನ್ನು ಹೊಸ ರಬ್ಬರಿನಿಂದಲೂ ಸಣ್ಣ ಸಂದುಗಳನ್ನು ಬ್ಯೂಟೈಲ್ ಮೇಣದಿಂದಲೂ ಮುಚ್ಚಿದೆ. ಆಮೇಲೆಯೇ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯಾದ ಫೈರ್‌ವಾಲಿನ ಒಳಬದಿಗೆ 6 ಮಿಲಿಮೀಟರಿನ, ನೀರು ಹೀರದ ಫೋಮ್ ಇಟ್ಟು, ಅದರ ಮೇಲೆ ಚದರ ಮೀಟರಿಗೆ ಸುಮಾರು 5 ಕಿಲೋ ತೂಗುವ ಭಾರದ ವಿನೈಲ್ ಹಾಳೆಯನ್ನು ಪೆಡಲುಗಳಿಗೆ ತಾಗದಂತೆ ಇಳಿಬಿಟ್ಟೆ. ಇಲ್ಲಿ ಭಾರವೇ ಮುಖ್ಯ. ತಡೆಯ ತೂಕ ದುಪ್ಪಟ್ಟಾದರೆ ತಡೆಯುವ ಸದ್ದು ಹೆಚ್ಚುಕಡಿಮೆ 6 ಡೆಸಿಬೆಲ್ ಹೆಚ್ಚುತ್ತದೆ. ವಿನೈಲನ್ನು ನೇರ ತಗಡಿಗೆ ಅಂಟಿಸಿದರೆ ಅದೂ ತಗಡಿನ ಜೊತೆ ಅದುರುತ್ತದೆ, ಆದ್ದರಿಂದ ನಡುವೆ ಫೋಮ್ ಬೇಕು. ಸಾಮಾನ್ಯ ಸ್ಪಂಜು, ಹಳೆ ಬಟ್ಟೆ ಇವು ನೀರು ಹಿಡಿದು ತಗಡಿಗೆ ತುಕ್ಕು ತರುತ್ತವೆ.

ಮುಚ್ಚುವ ಹುಮ್ಮಸ್ಸಿನಲ್ಲಿ ಮುಚ್ಚಬಾರದ್ದನ್ನೂ ನಾನು ಮುಚ್ಚಿದ್ದೆ. ಹಾಳೆ ಅಂಟಿಸಿದ ದಿನದಿಂದ ಗಾಜು ಏರಿಸಿದ್ದಾಗ ಬಾಗಿಲು ಎರಡು ಸಲ ಬಡಿದರೂ ಸರಿಯಾಗಿ ಕೂರುತ್ತಿರಲಿಲ್ಲ. ಹಿಂಗೋಡೆಯ ಮೂಲೆಯಲ್ಲಿ ಒಳಗಿನ ಗಾಳಿ ಹೊರಹೋಗಲೆಂದೇ ಇಟ್ಟ ರಬ್ಬರ್ ಎಸಳಿನ ಕಿಂಡಿಯ ಮೇಲೆ ಹಾಳೆ ಎಳೆದಿದ್ದೆ. ಬ್ಲೇಡಿನಿಂದ ಕತ್ತರಿಸಿ ತೆರೆದ ಮೇಲೆ ಬಾಗಿಲೂ ಸರಿಯಾಯಿತು, ಗಾಜಿಗೆ ಮಂಜು ಹಿಡಿಯುವುದೂ ನಿಂತಿತು. ಬಾಗಿಲಿನ ಅಡಿಯ ನೀರಿಳಿಯುವ ತೂತುಗಳೂ ಹೀಗೆಯೇ ಮುಚ್ಚಬಾರದವು.

ಈಗ 2300ರಲ್ಲಿ ಹಿಂದಿನ ಸೀಟಿನವರು ಎಂದಿನ ದನಿಯಲ್ಲಿ ಮಾತಾಡಿದರೆ ನನಗೆ ಮುಂದೆ ಕೇಳುತ್ತದೆ. ಬೆಳಿಗ್ಗೆ ಮೊದಲ ಬಾರಿ ಚಾಲೂ ಮಾಡಿದಾಗ ರೇಡಿಯೇಟರಿನ ಫ್ಯಾನ್ ಕ್ಲಚ್ ಸಡಿಲಗೊಳ್ಳುವ ತನಕ ಸ್ವಲ್ಪ ಹೊತ್ತು ಭೋರ್ಗರೆಯುತ್ತದೆ, ಅದು ಆ ಬಗೆಯ ಫ್ಯಾನಿನ ಸ್ವಭಾವ. ದೊಡ್ಡ ಸದ್ದು ಅಡಗಿದ ಮೇಲೆ ಡ್ಯಾಶ್‌ಬೋರ್ಡಿನ ಎಡಮೂಲೆಯಲ್ಲಿ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಉಜ್ಜುವ ಕಿರುಗುಟ್ಟುವಿಕೆ ಹೊಸದಾಗಿ ಕೇಳಲಾರಂಭಿಸಿದೆ. ಬಹುಶಃ ಮೊದಲಿನಿಂದಲೂ ಇದ್ದದ್ದೇ. ಅಲ್ಲಿಗೆ ಫೆಲ್ಟ್ ಬಟ್ಟೆಯ ಒಂದು ತುಂಡು ಕತ್ತರಿಸಿಟ್ಟಿದ್ದೇನೆ, ಇನ್ನೂ ಬಿಚ್ಚಿ ನೋಡಿಲ್ಲ.